ಸೊನ್ನೆ ಬಂದರೂ ಬರೆದಿಡು

ತಮ್ಮಾ, ಗಣಿ ಅಂದರೆ ನಮ್ಮ ಮುದಗಲ್ಲಿನವರಿಗೆ ಹಟ್ಟಿ, ಬಂಗಾರ, ಪಾಳಿ, ಪಗಾರ. ಕೋಲಾರದ ಗಣಿಯಲ್ಲಿ ಇನ್ನೊಂದು ಕೆಲಸವೂ ನಡೆದಿತ್ತು. 1960ರ ದಶಕದ ಆರಂಭದಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ವಿಶ್ವಕಿರಣಗಳನ್ನು ಎಣಿಸುತ್ತ ಆಳಕ್ಕಿಳಿದರು. ಇಳಿದಷ್ಟೂ ಎಣಿಕೆ ಕಡಿಮೆಯಾಯಿತು. ಸುಮಾರು 2.7 ಕಿ.ಮೀ. ಕೆಳಗೆ ಎರಡು ತಿಂಗಳು ಕಾದರೂ ವಿಶ್ವಕಿರಣದ ಮ್ಯೂಯಾನ್ ಕಣ ಒಂದೇ ಒಂದೂ ಬರಲಿಲ್ಲ. ಅವರು ಬೇಸರಪಟ್ಟು ಗಂಟುಮೂಟೆ ಕಟ್ಟಲಿಲ್ಲ. ಬೇರೆ ಕಣಗಳ ಗದ್ದಲವೇ ಇಲ್ಲದ ಇಂಥ ಆಳದಲ್ಲಿ, ಬಂಡೆಯನ್ನೂ ಸಲೀಸಾಗಿ ದಾಟಿ ಬರುವ ನ್ಯೂಟ್ರಿನೊ ಎಂಬ ಕಣವನ್ನು ಗುರುತಿಸಬಹುದಲ್ಲ ಎಂದು ಯೋಚಿಸಿದರು. 1965ರಲ್ಲಿ, 2.3 ಕಿ.ಮೀ. ಆಳದಲ್ಲಿ, ಗುರುತು ಸಿಕ್ಕಿತು. ಆ ತಂಡದಲ್ಲಿ ನಮ್ಮ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಇದ್ದರು.

ಹೀಗೆ ಕಾಣದ್ದರಿಂದಲೇ ಕಲಿತ ಇನ್ನೊಬ್ಬ ವಿಜ್ಞಾನಿ ರಮಾನಾಥ್ ಕೌಸಿಕ್. ಧಾರವಾಡದಲ್ಲಿ ಎಂ.ಎಸ್ಸಿ. ಓದಿದವರು, ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನಿರ್ದೇಶಕರಾದವರು. ಅವರು 1977ರಲ್ಲಿ ಮಾಡಿದ ಲೆಕ್ಕವನ್ನು ನೀನು ಕೂತು ಓದಬೇಕು. ಮಹಾಸ್ಫೋಟದಲ್ಲಿ ಹುಟ್ಟಿದ ನ್ಯೂಟ್ರಿನೊಗಳು ಇವತ್ತಿಗೂ ಪ್ರತಿ ಘನ ಸೆಂಟಿಮೀಟರಿನಲ್ಲಿ ಮುನ್ನೂರರಷ್ಟು ಇರಬೇಕು. ಅವುಗಳಲ್ಲಿ ಭಾರದ್ದು ಕ್ಷಯಿಸಿ ಹಗುರದ್ದಾಗುವಾಗ ಬೆಳಕಿನ ಕಣವೊಂದನ್ನು ಬಿಟ್ಟರೆ, ಆಕಾಶದ ಹಿನ್ನೆಲೆಯೇ ಹೊಳೆಯಬೇಕಲ್ಲವೇ? ಅಷ್ಟು ಹೊಳಪು ಅಲ್ಲಿಲ್ಲ. ಹಾಗಾದರೆ ನ್ಯೂಟ್ರಿನೊ ಅಷ್ಟು ಬೇಗ ಕ್ಷಯಿಸುವಂತಿಲ್ಲ. ಕಾಣದ ಬೆಳಕಿನಿಂದ ಕಣದ ಆಯುಷ್ಯ ಕನಿಷ್ಠ ಎಷ್ಟಿರಬೇಕೆಂದು ಹೇಳಿದರು! ಎಷ್ಟು ಸಲ ಓದಿದರೂ ನನಗೆ ಹಿಗ್ಗು.

ಬ್ರಿಟನ್ನಿನ ಭೌತವಿಜ್ಞಾನಿ ಡೆನಿಸ್ ಶಿಯಾಮಾ ಮುಂದೆ ಪಂಥಕ್ಕೇ ಇಳಿದರು. ನ್ಯೂಟ್ರಿನೊ ರಾಶಿ ಸುಮಾರು 30 ಇಲೆಕ್ಟ್ರಾನ್ ವೋಲ್ಟ್, ಅದು ಕ್ಷಯಿಸಿದಾಗ ಅತಿನೇರಳೆ ಬೆಳಕು ಬರುತ್ತದೆ, ಇಂಥ ತರಂಗದಲ್ಲೇ ಹುಡುಕಿ ಎಂದರು. 1990ರಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ಕೊಲಂಬಿಯಾದಲ್ಲಿದ್ದ ದೂರದರ್ಶಕ ಹುಡುಕಿತು. 1997ರಲ್ಲಿ ಹಾರಿದ ಸ್ಪೇನಿನ ಮಿನಿಸ್ಯಾಟ್ ಉಪಗ್ರಹ ಹುಡುಕಿತು. ಸಿಗಲಿಲ್ಲ. ಜರ್ಮನಿಯ ಕ್ಯಾಟ್ರಿನ್ ಪ್ರಯೋಗದ ಪ್ರಕಾರ ಈಗ ಆ ರಾಶಿ 0.45 ಇಲೆಕ್ಟ್ರಾನ್ ವೋಲ್ಟ್ ದಾಟುವಂತಿಲ್ಲ. ಊಹೆ ಬಿದ್ದುಹೋಯಿತು. ಆದರೂ ಶಿಯಾಮಾ ಅವರ ಮೇಲೆ ನನಗೆ ಗೌರವ ಹೆಚ್ಚು. ಎಲ್ಲಿ ಹೊಡೆದರೆ ತನ್ನ ಮಾತು ಮುರಿಯುತ್ತದೆ ಎಂದು ಅವರೇ ತೋರಿಸಿಕೊಟ್ಟಿದ್ದರು.

ನೀನು ಪ್ರಾಜೆಕ್ಟಿನಲ್ಲಿ ಏನೂ ಬರಲಿಲ್ಲವೆಂದು ಆ ಪುಟಗಳನ್ನು ಹರಿದೆಯಂತೆ. ಮತ್ತೆ ಬರೆ, ತಮ್ಮಾ. ಯಾವ ಉಪಕರಣ, ಎಷ್ಟು ತಾಸು ನಡೆಯಿತು, ಎಷ್ಟು ಸಣ್ಣ ಸಂಕೇತವಾದರೆ ಅದಕ್ಕೆ ಗೊತ್ತಾಗುತ್ತಿರಲಿಲ್ಲ, ಎಲ್ಲವನ್ನೂ ಬರೆ. ಆಮೇಲೆ ಸೊನ್ನೆ ಬರೆದು ತಾರೀಖು ಹಾಕು. ನಿಮ್ಮ ಸರ್‌ಗೆ ಮೊದಲು ಅದನ್ನೇ ತೋರಿಸು.