ನೆಪದ ದಾಳಿಗೆ ಹೋದವರು

ಮಗೂ, ಸೇನೆಯ ಇಂಜಿನಿಯರ್ ದಳಕ್ಕೆ ಹೊರಟಿದ್ದೀಯ. ಪಡೆಗಳನ್ನು ನದಿ ದಾಟಿಸುವುದು ಇನ್ನು ನಿನ್ನ ಕಸುಬು. 1945ರಲ್ಲಿ ಬರ್ಮಾದ ಐರಾವತಿಯನ್ನು ನಮ್ಮವರು ದಾಟಿದ ಬಗೆ ನಿನಗೆ ಗೊತ್ತಿರಲೇಬೇಕು. ಜನರಲ್ ಸ್ಲಿಮ್‌ನ 14ನೇ ಸೇನೆಯಲ್ಲಿ ಬಹುಪಾಲು ಭಾರತೀಯ ಸಿಪಾಯಿಗಳೇ ಇದ್ದರು. ಆಚೆ ದಡ ಕಾಯುತ್ತಿದ್ದವರಲ್ಲಿ ನೇತಾಜಿಯ ಆಜಾದ್ ಹಿಂದ್ ಫೌಜಿನ ಹುಡುಗರೂ ಇದ್ದರು. ಅವರೂ ನಮ್ಮವರೇ, ಅದನ್ನು ಮರೆಯಬೇಡ.

ಜಪಾನಿ ಸೇನಾಪತಿ ಕಿಮುರಾ ನದಿಯ ಹಿಂದಕ್ಕೆ ಸರಿದು ಕುಳಿತಿದ್ದ. ಸ್ಲಿಮ್ ಬಂದರೆ ಮಂಡಾಲೆಯ ಸುತ್ತಮುತ್ತಲೇ ಬರುತ್ತಾನೆಂಬುದು ಅವನ ಲೆಕ್ಕ. ಸ್ಲಿಮ್ ಆ ನಂಬಿಕೆಗೇ ನೀರೆರೆದ. 4ನೇ ಕೋರ್ ಗಂಗಾವ್ ಕಣಿವೆಯ ಕಾಡುದಾರಿಯಲ್ಲಿ ಬಾಯಿ ಕಟ್ಟಿಕೊಂಡು ದಕ್ಷಿಣಕ್ಕೆ ನಡೆಯಿತು, ವೈರ್‌ಲೆಸ್ ಪೂರ್ತಿ ಮೌನ. ಆದರೆ ತಮು ಊರಿನಲ್ಲಿ ಅದರದೇ ಹೆಸರಿನ ಸುಳ್ಳು ಮುಖ್ಯಠಾಣೆ ಸಂದೇಶಗಳನ್ನು ಕಳಿಸುತ್ತಲೇ ಇತ್ತು. ಬೇರೆ ಕೋರಿಗೆ ಸೇರಿದ್ದ 19ನೇ ಡಿವಿಷನ್ನಿನ ಸಂದೇಶಗಳೂ ಆ ಠಾಣೆಯ ಮೂಲಕವೇ ಹಾಯುತ್ತಿದ್ದವು. ಕದ್ದು ಕೇಳುವವನ ಕಿವಿಗೆ 4ನೇ ಕೋರ್ ಉತ್ತರದಲ್ಲೇ ಉಳಿಯಿತು. ಇಂಥ ಕೆಲಸದಲ್ಲಿ ಒಬ್ಬ ಆಪರೇಟರ್ ಬೇಸತ್ತು ತಪ್ಪು ಹೊತ್ತಿನಲ್ಲಿ ಕೀಲಿ ಒತ್ತಿದರೂ ಸಾಕು, ಎಲ್ಲ ಬಯಲಾಗುತ್ತದೆ. ಅವನ ಶ್ರಮವನ್ನು ನೀನು ಹಗುರವಾಗಿ ನೋಡಬಾರದು.

ಫೆಬ್ರವರಿ 14ರಂದು 4ನೇ ಕೋರಿನವರು ದಕ್ಷಿಣದ ನ್ಯಾಂಗುವಿನ ಬಳಿ ನದಿ ದಾಟಿದರು. ಜಪಾನಿಯರ ಕಣ್ಣು ಬೇರೆಡೆ ಇತ್ತು, ದಡದಲ್ಲಿ ಕಾವಲು ತೆಳುವಾಗಿತ್ತು. ಆದರೂ ಕೆಲಸ ಕೆಡುವುದರಲ್ಲಿತ್ತು. ಮೊದಲ ಕಂಪನಿ ಕತ್ತಲಲ್ಲಿ ಸದ್ದಿಲ್ಲದೆ ಆಚೆ ಸೇರಿತು. ಹಿಂದೆ ಬಂದ ದೋಣಿಗಳ ಮೋಟಾರು ಕೈಕೊಟ್ಟವು, ಕೆಲವಕ್ಕೆ ನೀರು ನುಗ್ಗಿತು. ಬೆಳಕು ಹರಿದಾಗ ಅವು ಸೆಳವಿಗೆ ಸಿಕ್ಕಿ ಮೆಷಿನ್‌ಗನ್ನುಗಳ ಮುಂದೆ ತೇಲುತ್ತಿದ್ದವು. ಯೋಜನೆ ಎಷ್ಟೇ ಜಾಣತನದ್ದಾಗಿರಲಿ, ಹಿಂದಿನ ದಿನ ಒಂದೊಂದು ಮೋಟಾರನ್ನೂ ನೀನೇ ನಿಂತು ಚಾಲೂ ಮಾಡಿಸಿ ನೋಡು. ಬೆಳಗಾದ ಮೇಲೆ ಫಿರಂಗಿ, ವಿಮಾನಗಳ ಆಸರೆಯಲ್ಲಿ ಪಂಜಾಬ್ ರೆಜಿಮೆಂಟಿನವರು ದಾಟಿದರು, ದಡ ಕೈಗೆ ಬಂತು. ಮಾರ್ಚ್ ಮೊದಲ ವಾರಕ್ಕೆ ಜಪಾನಿಯರ ಸರಬರಾಜು ಕೇಂದ್ರ ಮೇಕ್ಟಿಲಾ ಬಿತ್ತು.

ನಾನು ಮುಖ್ಯವಾಗಿ ಹೇಳಬೇಕಾದದ್ದು ಉಳಿದವರ ವಿಷಯ. 19ನೇ ಡಿವಿಷನ್ ಜನವರಿಯಲ್ಲೇ ಮಂಡಾಲೆಯ ಉತ್ತರದಲ್ಲಿ ನದಿ ದಾಟಿತ್ತು. ಕಿಮುರಾ ಅದನ್ನೇ ದೊಡ್ಡ ದಾಳಿಯೆಂದು ನಂಬಿ ಪಡೆಗಳನ್ನು ಅದರ ಮೇಲೆ ಬಿಟ್ಟ. ವಾರಗಟ್ಟಲೆ ಘೋರ ಕಾಳಗ ನಡೆಯಿತು. ನ್ಯಾಂಗುವಿನ ದಕ್ಷಿಣಕ್ಕೆ ಎಣ್ಣೆಬಾವಿಗಳ ಕಡೆ ಹೊರಟಂತೆ ತೋರಿಸಲು ಪೂರ್ವ ಆಫ್ರಿಕಾದ 28ನೇ ಬ್ರಿಗೇಡನ್ನು ಕಳಿಸಿದ್ದರು. ಶತ್ರು ಅದನ್ನೂ ನಂಬಿದ, ಮೇಲೆಬಿದ್ದು ಹಿಂದಕ್ಕೆ ಅಟ್ಟಿದ. ನಂಬಿದ್ದರಿಂದಲೇ ಏಟು ಅಷ್ಟು ಬಲವಾಗಿತ್ತು. ಗೆದ್ದ ವಂಚನೆಯ ಬೆಲೆಯನ್ನು ಹೀಗೆ ಇನ್ಯಾರೋ ತೆರುತ್ತಾರೆ, ಹೆಚ್ಚಿನ ಪುಸ್ತಕಗಳಲ್ಲಿ ಅವರಿಗೆ ಸಿಗುವುದು ಒಂದು ಸಾಲು.

ಮುಂದೊಂದು ದಿನ ನಕ್ಷೆಯ ಮೇಲೆ ನೆಪದ ದಾಳಿಯ ಗೆರೆ ಎಳೆಯುವ ಸರದಿ ನಿನಗೂ ಬಂದೀತು. ಆಗ ಆ ಗೆರೆಯ ಮೇಲೆ ಹೋಗುವ ಹುಡುಗರಿಗೂ ಗಟ್ಟಿ ದೋಣಿ, ಸಾಕಷ್ಟು ಗುಂಡು, ಒಳ್ಳೆಯ ಡಾಕ್ಟರು ಇರುವಂತೆ ನೋಡಿಕೋ. ವಾಪಸು ಬರುವ ದಾರಿಯನ್ನು ಮೊದಲೇ ಗೊತ್ತುಮಾಡಿ ಅವರಿಗೆ ತಿಳಿಸಿರು.