ಥೈಲೆಂಡ್ ದೇಶದ ತಣ್ಣನೆಯ ಸುರುಳಿ: ಒಂದು ಪಾಕಪಾಠ

ಗೃಹಶಾಸ್ತ್ರದ ಪಾಠಗಳಲ್ಲಿ ಒಲೆ ಹೊತ್ತಿಸಿ ಮಾಡುವ ಅಡಿಗೆಗೇ ಮೊದಲ ಸ್ಥಾನವು ಸಲ್ಲುವದು ವಾಡಿಕೆ. ಹಸಿಯಾಗಿ ತಿನ್ನತಕ್ಕ ಪದಾರ್ಥಗಳನ್ನು ಸಿದ್ಧಪಡಿಸುವದು ಸುಲಭವೆಂದೆಣಿಸಿ ಅದನ್ನು ಯಾರೂ ಮನಸ್ಸಿಟ್ಟು ಕಲಿಸುವದಿಲ್ಲ. ವಾಸ್ತವದಲ್ಲಿ ಬೆಂಕಿಯು ನಮ್ಮ ಅನೇಕ ಅಜಾಗರೂಕತೆಗಳನ್ನು ಸುಟ್ಟುಬಿಡುತ್ತದೆ. ಬೆಂಕಿ ಕಾಣದ ಆಹಾರಕ್ಕೆ ಕೈಯ ಶುಚಿತ್ವವೂ ನೀರಿನ ಶುಚಿತ್ವವೂ ಹೊರತು ಬೇರೆ ಕಾವಲಿಲ್ಲ. ಈ ಕಾರಣದಿಂದಲೇ ನಾವು ಥೈಲೆಂಡಿನ ತಣ್ಣನೆಯ ಸುರುಳಿಯನ್ನು ಈ ಸಂಚಿಕೆಯ ಪಾಠವಾಗಿ ಆರಿಸಿಕೊಂಡಿದ್ದೇವೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ದೊಡ್ಡ ಪಟ್ಟಣಗಳಲ್ಲಿ ಉದ್ಯೋಗದಲ್ಲಿದ್ದು ಇಂಥ ತಿಂಡಿಗಳನ್ನು ಹೋಟೆಲಿನಿಂದ ತರಿಸಿ ತಿನ್ನುವರೆಂದು ಬಲ್ಲೆವು. ಮನೆಯಲ್ಲಿಯೇ ಮಾಡಲು ತಿಳಿದರೆ ಹಣವೂ ಉಳಿಯುವದು, ಹೊಟ್ಟೆಯೂ ಕೆಡದು.

ನಮ್ಮ ಹಿರಿಯರು ಭೂಗೋಳದ ಪುಸ್ತಕದಲ್ಲಿ ಸಯಾಮ್ ಎಂದು ಓದಿದ ದೇಶವೇ ಥೈಲೆಂಡ್. ಆ ಹೆಸರು ಮೊದಲು ಬದಲಾದದ್ದು ೧೯೩೯ರಲ್ಲಿ. ಅಲ್ಲಿಯವರು ಈ ತಿಂಡಿಗೆ 'ಪೋಪಿಯಾ ಸೊತ್' ಎನ್ನುವರು. 'ಸೊತ್' ಎಂದರೆ ತಾಜಾ. 'ಪೋಪಿಯಾ' ಎಂಬದು ಮೂಲದಲ್ಲಿ ಥಾಯಿ ಮಾತಲ್ಲ. ದಕ್ಷಿಣ ಚೀನದ ಹೊಕ್ಕಿಯೆನ್ ಜನರು ತಮ್ಮ ಸಂಗಡ ತಂದ ಮಾತು, ತೆಳು ರೊಟ್ಟಿ ಎಂದರ್ಥ. ಆ ಹಳೆಯ ರೀತಿಯಲ್ಲಿ ಹೊದಿಕೆಯು ಗೋಧಿಹಿಟ್ಟಿನದು, ಮೇಲೆ ಹುಣಿಸೇಹಣ್ಣಿನ ಸಿಹಿ ರಸವನ್ನು ಸುರಿಯುವರು. ಈಗ ನಾವು ಹೋಟೆಲುಗಳಲ್ಲಿ ಥಾಯಿ ಸುರುಳಿಯೆಂದು ಕಾಣುವ, ಒಳಗಿನ ಸೊಪ್ಪು ಹೊರಗೆ ಗೋಚರಿಸುವಂಥ ಅಕ್ಕಿಯ ಹೊದಿಕೆಯಾದರೋ ವಿಯೆಟ್ನಾಮಿನದು. ಅದು ಥೈಲೆಂಡಿನಲ್ಲಿ ಬೇರೂರಿದ್ದಕ್ಕೆ ಒಂದು ದುಃಖದ ಕಾರಣವೂ ಉಂಟು. ೧೯೪೬ರ ಮಾರ್ಚಿಯಲ್ಲಿ ಫ್ರೆಂಚ್ ಸೈನ್ಯವು ಲಾವೋಸಿನ ಥಾಖೆಕ್ ಪಟ್ಟಣವನ್ನು ಹಿಡಿದಾಗ, ಆ ಸೀಮೆಯಲ್ಲಿದ್ದ ವಿಯೆಟ್ನಾಮಿನವರು ಸಾವಿರಾರು ಮಂದಿ ಮೆಕಾಂಗ್ ನದಿಯನ್ನು ದಾಟಿ ಥೈಲೆಂಡಿನ ಈಶಾನ್ಯ ಭಾಗಕ್ಕೆ ಓಡಿಬಂದರು. ಮನೆಮಾರು ಬಿಟ್ಟುಬಂದವರು ಕೈಯಲ್ಲಿದ್ದ ಅಡಿಗೆಯ ವಿದ್ಯೆಯನ್ನು ಮಾತ್ರ ಬಿಟ್ಟುಬರಲಿಲ್ಲ. ಇಂದು ಆ ಭಾಗದ ನಾಂಗ್ ಖಾಯ್, ಉಡಾನ್ ಥಾನಿ ಪಟ್ಟಣಗಳು ಅಕ್ಕಿಹಾಳೆಯಲ್ಲಿ ಸುತ್ತಿ ತಿನ್ನುವ ಊಟಕ್ಕೆ ಹೆಸರುವಾಸಿಯಾಗಿವೆ.

ಅಕ್ಕಿಹಾಳೆಯನ್ನು ಮಾಡುವ ಕ್ರಮವನ್ನು ಕೇಳಿದರೆ ನಮ್ಮ ತಾಯಂದಿರು ಆಶ್ಚರ್ಯಪಡಲಾರರು. ಅಕ್ಕಿಯನ್ನು ನುಣ್ಣಗೆ ಅರೆದು, ನೀರಾಗಿ ಕಲಸಿ, ಕುದಿಯುವ ಪಾತ್ರೆಯ ಬಾಯಿಗೆ ಬಿಗಿದ ಬಟ್ಟೆಯ ಮೇಲೆ ತೆಳ್ಳಗೆ ಹರಡಿ, ಆವಿಯಲ್ಲಿ ಬೇಯಿಸಿ, ಬಿದಿರಿನ ತಟ್ಟಿಗಳ ಮೇಲೆ ಬಿಸಿಲಿಗಿಡುವರು. ಒಣಗಿದ ಹಾಳೆಯ ಮೇಲೆ ಕಾಣುವ ಗೆರೆಗಳು ಆ ತಟ್ಟಿಯ ಹೆಣಿಗೆಯ ಗುರುತು. ನಾವು ಅಕ್ಕಿಹಪ್ಪಳವನ್ನು ಒಣಗಿಸಿ ಕರಿಯುತ್ತೇವೆ, ಅವರು ಒಣಗಿಸಿ ನೆನೆಸುತ್ತಾರೆ, ಭೇದವು ಅಷ್ಟೇ. ಹಾಳೆಯೊಳಗಿನ ಪಿಷ್ಟವು ಮೊದಲೇ ಬೆಂದಿರುವದರಿಂದ ಅದಕ್ಕೆ ಪುನಃ ಬೆಂಕಿ ಬೇಕಿಲ್ಲ, ನೀರು ಸಾಕು. ಅಂಗಡಿಯಲ್ಲಿ ದೊರೆಯುವ ಹಾಳೆಗಳಲ್ಲಿ ಮರಗೆಣಸಿನ ಪಿಷ್ಟವನ್ನೂ ಬೆರೆಸಿರುವದುಂಟು. ಅವು ಹೆಚ್ಚು ಜಿಗುಟಾಗಿ ಹರಿಯದೆ ನಿಲ್ಲುವವು.

ಇನ್ನು ಶುಚಿತ್ವದ ವಿಷಯ. ಇದನ್ನು ದಾಟಿ ಮುಂದಕ್ಕೆ ಓದಬಾರದೆಂದು ನಮ್ಮ ಕೋರಿಕೆ. ಪುದೀನ, ಕೊತ್ತಂಬರಿ, ಲೆಟಿಸ್ ಎಲೆಗಳು ನೆಲಕ್ಕೆ ಹತ್ತಿರವಾಗಿ ಬೆಳೆಯುವವು. ಅವಕ್ಕೆ ಹಾಯಿಸಿದ ನೀರು ಎಂಥದೆಂದು ಕೊಳ್ಳುವವಳಿಗೆ ತಿಳಿಯದು. ಟೈಫಾಯ್ಡ್ ಮತ್ತು ಭೇದಿಯ ಕ್ರಿಮಿಗಳು ಬರುವದು ಈ ದಾರಿಯಿಂದಲೇ. ಬೇರು, ಕೊಳೆತ ಎಲೆಗಳನ್ನು ಕಿತ್ತುಹಾಕಿ, ಒಂದೊಂದು ಎಲೆಯನ್ನೂ ಬಿಡಿಸಿ, ಹರಿಯುವ ಶುದ್ಧ ನೀರಿನಲ್ಲಿ ಮೂರು ಸಲ ತೊಳೆದು, ಕೊನೆಗೆ ಕುದಿಸಿ ಆರಿಸಿದ ನೀರಿನಲ್ಲಿ ಜಾಲಿಸಿ, ಒಗೆದ ಬಟ್ಟೆಯ ಮೇಲೆ ಆರಹಾಕತಕ್ಕದ್ದು. ಉಪ್ಪುನೀರಿನಲ್ಲಿ ಅದ್ದಿದ ಮಾತ್ರಕ್ಕೆ ಕ್ರಿಮಿಗಳೆಲ್ಲ ಸಾಯುವವೆಂಬ ನಂಬಿಕೆಯು ಸರಿಯಲ್ಲ. ಹೆಸರುಕಾಳಿನ ಮೊಳಕೆಯಂತೂ ಕ್ರಿಮಿಗಳಿಗೆ ಪ್ರಿಯವಾದ ಬೆಚ್ಚನೆಯ ತೇವದಲ್ಲಿಯೇ ಹುಟ್ಟುವಂಥದು. ಅದನ್ನು ಹಸಿಯಾಗಿ ಹಾಕದೆ ಕುದಿಯುವ ನೀರಿನಲ್ಲಿ ಬೇಯಿಸಿಕೊಳ್ಳಲೇಬೇಕು. ಮಳೆಗಾಲದಲ್ಲಿ ಲೆಟಿಸನ್ನು ಬಿಟ್ಟು, ಕುದಿನೀರಿನಲ್ಲಿ ಮೆತ್ತಗಾಗುವ ತನಕ ಬೇಯಿಸಿದ ಎಲೆಕೋಸಿನ ಎಲೆಯನ್ನು ಉಪಯೋಗಿಸುವದು ಒಳ್ಳೆಯದು. ರುಚಿ ಸ್ವಲ್ಪ ಕಡಿಮೆಯಾದೀತು. ಮಕ್ಕಳಿರುವ ಮನೆಯಲ್ಲಿ ಅದು ದೊಡ್ಡ ನಷ್ಟವಲ್ಲ.

ಎಂಟು ಸುರುಳಿಗಳಿಗೆ ಎಂಟು ಹಾಳೆ, ನೂರು ಗ್ರಾಂ ಒಣ ಅಕ್ಕಿಶಾವಿಗೆ, ಒಂದು ಸೌತೆಕಾಯಿ, ಒಂದು ಗಜ್ಜರಿ, ಎಂಟು ಲೆಟಿಸ್ ಎಲೆ, ಒಂದೊಂದು ಹಿಡಿ ಪುದೀನ, ಕೊತ್ತಂಬರಿ, ಮೊಳಕೆಗಳು ಬೇಕು. ಶಾವಿಗೆಯನ್ನು ಬೇಯಿಸಿ, ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು, ಚೆನ್ನಾಗಿ ಬಸಿಯಬೇಕು. ಸೌತೆಕಾಯಿಯ ಬೀಜದ ತಿರುಳನ್ನು ತೆಗೆಯದಿದ್ದರೆ ನೀರುಬಿಟ್ಟು ಹಾಳೆ ಹರಿಯುವದು. ಸಿಗಡಿ ತಿನ್ನುವವರು ಹದಿನಾರು ಸಿಗಡಿಗಳನ್ನು ಸುಲಿದು, ಬೆನ್ನಿನ ಕಪ್ಪು ನರವನ್ನು ತೆಗೆದು, ಕೆಂಪಡರಿ ಪೂರಾ ಬೇಯುವ ತನಕ ಕುದಿಸಿ, ಉದ್ದಕ್ಕೆ ಸೀಳಿಕೊಳ್ಳಲಿ. ತಿನ್ನದವರು ತೆಳ್ಳಗೆ ಹೊಯ್ದ ಮೊಟ್ಟೆಯ ದೋಸೆಯನ್ನೋ ಹುರಿದ ಪನೀರನ್ನೋ ಹಾಕಬಹುದು. ಥೈಲೆಂಡಿನವರು ಇಂಥ ಹಸಿ ಊಟಕ್ಕೆ 'ಹೊರಪಾ' ಎಂಬ ಸುವಾಸನೆಯ ಎಲೆಯನ್ನು ಬಳಸುವರು. ಇದು ನಮ್ಮ ಕಾಮಕಸ್ತೂರಿಯ ಜಾತಿಯದೇ, ಆದಕಾರಣ ಹಿತ್ತಲಲ್ಲಿ ಕಾಮಕಸ್ತೂರಿ ಇದ್ದವರು ಪೇಟೆಯಲ್ಲಿ ಹುಡುಕಬೇಕಾಗಿಲ್ಲ. ತುಳಸಿಯನ್ನು ಅವರು 'ಕಪ್ರಾವ್' ಎಂದು ಕರೆದು ಬಾಣಲೆಯಲ್ಲಿ ಹುರಿಯುವ ಪಲ್ಯಗಳಿಗೆ ಹಾಕುವರು; ಅದರ ಖಾರವು ಸುರುಳಿಗೆ ಒಗ್ಗದು.

ಸುತ್ತುವ ಕೆಲಸವು ಕೈಗೆ ಬರಲು ಮೂರು ನಾಲ್ಕು ಹಾಳೆಗಳು ಕೆಡುವದು ಸಹಜ. ಅಗಲವಾದ ತಟ್ಟೆಯಲ್ಲಿ ಕುದಿಸಿ ಆರಿದ, ಉಗುರುಬೆಚ್ಚನೆಯ ನೀರನ್ನು ಹಾಕಿ, ಹಾಳೆಯನ್ನು ಎಂಟು ಹತ್ತು ಕ್ಷಣಗಳಷ್ಟೇ ಮುಳುಗಿಸಿ ತೆಗೆಯಬೇಕು. ಆಗ ಅದು ಇನ್ನೂ ಸ್ವಲ್ಪ ಬಿರುಸಾಗಿಯೇ ಇರುವದು. ಒದ್ದೆ ಹಲಗೆಯ ಮೇಲೆ ಹಾಸಿ ಸಾಮಗ್ರಿಗಳನ್ನು ಇಡುವಷ್ಟರಲ್ಲಿ ತಾನಾಗಿ ಮೆತ್ತಗಾಗುವದು. ನೀರಿನಲ್ಲಿಯೇ ಪೂರಾ ಮೆತ್ತಗಾಗಲೆಂದು ಕಾಯುವವಳ ಹಾಳೆಯು ಕೈಗಂಟಿ ಮುದ್ದೆಯಾಗುವದು. ತನ್ನ ಕಡೆಗಿರುವ ಮೂರನೆಯ ಒಂದು ಭಾಗದಲ್ಲಿ ಮೊದಲು ಲೆಟಿಸ್ ಎಲೆ, ಅದರ ಮೇಲೆ ಶಾವಿಗೆ, ತರಕಾರಿ, ಸೊಪ್ಪು ಇಡಬೇಕು. ಚೂಪಾದ ಗಜ್ಜರಿ ತುಂಡುಗಳು ಎಲೆಯ ಮಡಿಲಲ್ಲಿದ್ದರೆ ಹಾಳೆಯನ್ನು ಚುಚ್ಚಲಾರವು. ಸಿಗಡಿಯನ್ನು ಅದರ ಆಚೆ, ಬೆನ್ನು ಕೆಳಗಾಗಿ ಸಾಲಾಗಿಡಲಿ. ಸುತ್ತಿದ ಬಳಿಕ ಆ ಕೆಂಬಣ್ಣವು ಹೊರಗೆ ಕಾಣುವದು. ಕೆಳಗಿನ ಅಂಚನ್ನು ಮೇಲಕ್ಕೆತ್ತಿ ಬಿಗಿಯಾಗಿ ಒಂದು ಸುತ್ತು ಸುತ್ತಿ, ಎರಡು ಪಕ್ಕಗಳನ್ನು ಒಳಕ್ಕೆ ಮಡಚಿ, ಚಾಪೆ ಸುತ್ತಿದಂತೆ ಕೊನೆಯ ತನಕ ಸುತ್ತಿದರಾಯಿತು. ಅಂಟಿಸಲು ಬೇರೇನೂ ಬೇಡ.

ನಂಚಿಕೊಳ್ಳಲು, ನಿಂಬೆಗಾತ್ರದ ಹುಣಿಸೇಹಣ್ಣಿನ ರಸಕ್ಕೆ ನಾಲ್ಕು ಚಮಚ ತಾಳೆಬೆಲ್ಲ, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನ ಪುಡಿ ಸೇರಿಸಿ ಗಟ್ಟಿಯಾಗುವ ತನಕ ಕುದಿಸಿ ಆರಿಸುವದು. ಮೇಲೆ ಹುರಿದು ತರಿಯಾಗಿ ಪುಡಿಮಾಡಿದ ನೆಲಗಡಲೆ. ಥೈಲೆಂಡಿನವರು ಉಪ್ಪಿಗೆ ಬದಲಾಗಿ ಉಪ್ಪಿನಲ್ಲಿ ಬಹುದಿನ ಕೊಳೆಸಿದ ಮೀನಿನ ರಸ 'ನಾಮ್ ಪ್ಲಾ'ವನ್ನು ಹಲವು ಕಡೆ ಬಳಸುವರು. ಸಸ್ಯಾಹಾರಿಗಳು ಹೋಟೆಲಿನಲ್ಲಿ ಇದನ್ನು ವಿಚಾರಿಸಿಯೇ ತಿನ್ನತಕ್ಕದ್ದು. ಮೆಣಸಿನಕಾಯಿಯೂ ನೆಲಗಡಲೆಯೂ ಅಮೇರಿಕಾ ಖಂಡದವು, ಹೀಗಿರಲಾಗಿ ಅವುಗಳ ಮಟ್ಟಿಗೆ ಅವರೂ ನಾವೂ ಸಮಾನವಾಗಿ ಹೊಸಬರೇ. ನೆಲಗಡಲೆಯು ಕೆಲವರ ದೇಹಕ್ಕೆ ವಿಷದಂತೆ ವರ್ತಿಸುವದು. ಅತಿಥಿಗಳನ್ನು ಮೊದಲೇ ಕೇಳಬೇಕು.

ಸುರುಳಿಗಳನ್ನು ಒಂದಕ್ಕೊಂದು ತಾಗದಂತೆ ಇಟ್ಟು ಒದ್ದೆ ಬಟ್ಟೆ ಮುಚ್ಚಿ, ಎರಡು ತಾಸಿನೊಳಗೆ ತಿಂದು ಮುಗಿಸುವದು. ಅಕ್ಕಿಯ ಬೆಂದ ಪದಾರ್ಥವು ಸೆಕೆಯಲ್ಲಿ ಉಳಿದರೆ ಅದರಲ್ಲಿ ಹುಟ್ಟುವ ವಿಷವು ಪುನಃ ಬಿಸಿಮಾಡಿದರೂ ಹೋಗದು. ಶೀತಪೆಟ್ಟಿಗೆಯಲ್ಲಿ ರಾತ್ರಿಯೆಲ್ಲ ಇಟ್ಟರೆ ಹೊದಿಕೆಯು ಚರ್ಮದಂತಾಗುವದು. ಆದಕಾರಣ ಬೆಳಗ್ಗೆ ಮಾಡಿ ಮಧ್ಯಾಹ್ನದ ಬುತ್ತಿಗೆ ಕಟ್ಟಿಕೊಡುವ ತಿಂಡಿ ಇದಲ್ಲ. ಸಾಮಗ್ರಿಗಳನ್ನು ಮೇಜಿನ ನಡುವೆ ಇಟ್ಟು ಪ್ರತಿಯೊಬ್ಬರೂ ತಮ್ಮ ಸುರುಳಿಯನ್ನು ತಾವೇ ಸುತ್ತಿಕೊಳ್ಳುವದು ಉತ್ತಮ. ತರಕಾರಿಯೆಂದರೆ ಮುಖ ತಿರುಗಿಸುವ ಮಕ್ಕಳೂ ತಾವು ಸುತ್ತಿದ್ದನ್ನು ತಿನ್ನುವರು. ಪೊಟ್ಟಣದಲ್ಲಿ ಮುರಿದುಹೋದ ಒಣ ಹಾಳೆಗಳನ್ನು ಎಸೆಯಬೇಡಿರಿ. ಕಾದ ಎಣ್ಣೆಗೆ ಹಾಕಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹಪ್ಪಳದಂತೆ ಬೆಳ್ಳಗೆ ಅರಳುವವು.