ಆರ್ತಧ್ಯಾನವೂ ರಕ್ತದೊತ್ತಡವೂ

ಅನಿಷ್ಟದ ಸಂಯೋಗ, ಇಷ್ಟದ ವಿಯೋಗ, ವೇದನೆ, ನಿದಾನ ಎಂದು ಆರ್ತಧ್ಯಾನವು ನಾಲ್ಕು ವಿಧವೆಂಬುದನ್ನು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವನ್ನು ಓದಿದ ಶ್ರಾವಕರು ಬಲ್ಲರು. ವೈದ್ಯರು ಮಾನಸಿಕ ಒತ್ತಡವೆನ್ನುವುದು ಇದಕ್ಕೆ ಬಲು ಸಮೀಪವಾದುದು. ೨೦೦೮ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ಆರಂಭವಾದ ಮೇಲೆ ನಮ್ಮ ಕಡೆ ಹೊಲಗಳ ಬೆಲೆಯೂ ದಾಯಾದಿಗಳ ವ್ಯಾಜ್ಯವೂ ಒಟ್ಟಿಗೆ ಏರಿದವು. ಇರುಳೆಲ್ಲ ಅದನ್ನೇ ನೆನೆದು ಕುದಿಯುವವನ ದೇಹದಲ್ಲಿ ಅಡ್ರಿನಲಿನ್ ಸ್ರವಿಸಿ, ನಾಡಿಯು ತ್ವರಿತವಾಗಿ, ರಕ್ತನಾಳಗಳು ಸಂಕೋಚಗೊಂಡು ಒತ್ತಡವು ಏರುತ್ತದೆ. ಕ್ಷಣಕಾಲದ್ದಾದರೆ ತಾನೇ ಇಳಿಯುವುದು. ನಿತ್ಯವೂ ಹೀಗಾದರೆ ಹೃದಯಕ್ಕೆ ಹೊರೆ.

೪೮ ನಿಮಿಷಗಳ ಸಾಮಾಯಿಕದಲ್ಲಿ ಉಸಿರು ನಿಧಾನವಾಗುತ್ತದೆ, ನಾಡಿಯು ತಗ್ಗುತ್ತದೆ. ಇಷ್ಟರಿಂದಲೇ ಔಷಧವು ಬೇಡವಾಯಿತೆಂದು ತಿಳಿಯಬಾರದು. ಹಿಂದೊಮ್ಮೆ ದಶಲಕ್ಷಣ ಪರ್ವದಲ್ಲಿ ನಮ್ಮ ಮನೆಯವರು, ಮನಸ್ಸು ಶಾಂತವಾಗಿರುವಾಗ ಮಾತ್ರೆಯೇಕೆಂದು ಅದನ್ನು ಬಿಟ್ಟು ಉಪವಾಸ ಹಿಡಿದರು. ಮೂರನೆಯ ದಿನ ತಲೆಸುತ್ತಿ ಬಿದ್ದರು. ಮೇಲಿನ ಒತ್ತಡವು ೧೯೦ ಇದ್ದಿತು. ಸೂತ್ರ ಬೋಧಿಸುವ ನಾನೇ ಗಮನಿಸಿರಲಿಲ್ಲ! ಕೆಲವು ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ಒತ್ತಡವು ಮರುಕಳಿಸಿ ಏರುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ನುಂಗಿ ನೀರನ್ನೂ ತ್ಯಜಿಸಿದರೆ ಅತಿಯಾಗಿ ಕುಸಿಯಬಹುದು. ಆದುದರಿಂದ ವ್ರತಸಂಕಲ್ಪಕ್ಕೆ ಮುನ್ನವೇ ವೈದ್ಯರನ್ನು ಕೇಳಬೇಕು. ಷೋಡಶಕಾರಣ ಭಾವನೆಗಳಲ್ಲಿಯೂ ತಪಸ್ಸನ್ನು ಶಕ್ತಿಗೆ ತಕ್ಕಂತೆ ಎಂದೇ ಹೇಳಿದೆ. ಈಗ ಅವರದು ಏಕಾಶನ. ವೈದ್ಯರ ಒಪ್ಪಿಗೆಯಂತೆ ಆ ಊಟದೊಡನೆಯೇ ಮಾತ್ರೆ.